ಮೋಟಾರ್ ಮತ್ತೆ ಸುಟ್ಟಿತಾ? ವೈಂಡಿಂಗ್ ಮಾಡಿಸುವ ಮುಂಚೆ ಇಷ್ಟು ನೋಡಿ

ಕೊಳವೆಬಾವಿಯ ಮೋಟಾರ್ ಸುಟ್ಟರೆ ಪೈಪ್ ಎತ್ತಿಸುತ್ತೇವೆ, ಅಂಗಡಿಗೆ ಹಾಕುತ್ತೇವೆ, ವೈಂಡಿಂಗ್ (ಒಳಗಿನ ತಂತಿ ಹೊಸದಾಗಿ ಸುತ್ತುವುದು) ಆದ ಮೇಲೆ ತಂದು ಮತ್ತೆ ಇಳಿಸುತ್ತೇವೆ. ಯಾಕೆ ಸುಟ್ಟಿತು ಅಂತ ಕೇಳುವವರು ಕಡಿಮೆ. ಕೇಳಿದರೂ ‘ವೋಲ್ಟೇಜ್ ಸರಿ ಇಲ್ಲ ಸಾರ್’ ಎಂಬ ಉತ್ತರ ರೆಡಿ ಇರುತ್ತದೆ. ಕೆಲವು ಸಲ ಅದು ನಿಜವೇ. ಆದರೆ ತಪ್ಪು ಸ್ಟಾರ್ಟರಿನಲ್ಲೋ ಕೇಬಲ್ ಜಾಯಿಂಟಿನಲ್ಲೋ ಇದ್ದರೆ ಹೊಸ ವೈಂಡಿಂಗೂ ಉಳಿಯುವುದಿಲ್ಲ.

ಸುಟ್ಟ ಕಾಯಿಲ್ ನೋಡಿ

ಮೊದಲ ಕೆಲಸ ಇದು. ಮೋಟಾರ್ ಬಿಚ್ಚುವಾಗ ಅಂಗಡಿಯಲ್ಲೇ ಇರಿ. ಹಳೇ ತಂತಿ ಕಿತ್ತು ಎಸೆದ ಮೇಲೆ ಹೋದರೆ ಪ್ರಯೋಜನ ಇಲ್ಲ.

ತ್ರೀ ಫೇಸ್ ಮೋಟಾರಿನಲ್ಲಿ ಮೂರು ಫೇಸಿಗೆ ಮೂರು ಗುಂಪು ಕಾಯಿಲ್‌ಗಳು ಸುತ್ತಲೂ ಸರದಿಯಂತೆ ಕೂತಿರುತ್ತವೆ. ಎರಡು ಗುಂಪು ಕರಕಲಾಗಿ, ಮೂರನೆಯದು ಹೊಸದರ ಹಾಗೇ ಇದ್ದರೆ ಅದು ಸ್ಟಾರ್ ಕನೆಕ್ಷನ್‌ನಲ್ಲಿ (ಮೂರು ಗುಂಪಿನ ಒಂದೊಂದು ತುದಿಯನ್ನು ಒಟ್ಟಿಗೆ ಸೇರಿಸಿದ ಜೋಡಣೆ) ಓಡುವಾಗ ಒಂದು ಫೇಸ್ ಹೋದ ಗುರುತು. ಒಂದು ಗುಂಪು ಮಾತ್ರ ಸುಟ್ಟಿದ್ದರೆ ಡೆಲ್ಟಾದಲ್ಲಿ (ಮೂರನ್ನೂ ತ್ರಿಕೋನದ ಹಾಗೆ ತುದಿಗೆ ತುದಿ ಸೇರಿಸಿದ ಜೋಡಣೆ) ಫೇಸ್ ಹೋಗಿದೆ. ಮೂರೂ ಒಂದೇ ಸಮ ಕಪ್ಪಾಗಿದ್ದರೆ ಓವರ್‌ಲೋಡ್, ಲೋ ವೋಲ್ಟೇಜ್ ಅಥವಾ ಪಂಪ್ ಜಾಮ್. ಒಂದೇ ಜಾಗದಲ್ಲಿ ತಂತಿ ಕರಗಿ ಉಳಿದದ್ದೆಲ್ಲ ಚೆನ್ನಾಗಿದ್ದರೆ ಅಲ್ಲಿ ತಂತಿಯ ಹೊದಿಕೆ ಹರಿದಿತ್ತು, ಇಲ್ಲವೇ ತೇವ ಸೇರಿತ್ತು ಎಂದರ್ಥ. ನೀರು ತುಂಬುವ ಸಬ್‌ಮರ್ಸಿಬಲ್‌ನಲ್ಲಿ ತಂತಿಗೆ ಪ್ಲಾಸ್ಟಿಕ್ ಹೊದಿಕೆ ಇರುವುದರಿಂದ ಬಣ್ಣಕ್ಕಿಂತ ಅದು ಎಲ್ಲಿ ಕರಗಿದೆ ಎಂದು ನೋಡಬೇಕು.

ಮೊಬೈಲಿನಲ್ಲಿ ಒಂದು ಫೋಟೊ ತೆಗೆದಿಟ್ಟುಕೊಳ್ಳಿ. ಮುಂದಿನ ತಪಾಸಣೆ ಎಲ್ಲಿಂದ ಶುರು ಮಾಡಬೇಕೆಂದು ಅದೇ ಹೇಳುತ್ತದೆ.

ಫೇಸ್ ಹೋಗಿದ್ದರೆ

ಓಡುತ್ತಿರುವ ಮೋಟಾರ್ ಒಂದು ಫೇಸ್ ಹೋದರೆ ನಿಲ್ಲುವುದಿಲ್ಲ. ಉಳಿದೆರಡು ತಂತಿಯಲ್ಲಿ ಸುಮಾರು 1.7 ಪಟ್ಟು ಕರೆಂಟ್ ಎಳೆಯುತ್ತಾ ಓಡುತ್ತಲೇ ಇರುತ್ತದೆ, ಅಷ್ಟರಲ್ಲಿ ಒಳಗೆ ಕಾಯಿಲ್ ಬೇಯುತ್ತದೆ. ಫೇಸ್ ಹೋಗುವ ಜಾಗ ಸಾಮಾನ್ಯವಾಗಿ ಮೂರು: ಟಿಸಿಯ (ಟ್ರಾನ್ಸ್‌ಫಾರ್ಮರ್) ಫ್ಯೂಸ್, ಸ್ಟಾರ್ಟರಿನ ಕಾಂಟ್ಯಾಕ್ಟ್ ಪಾಯಿಂಟ್, ಕೇಬಲ್ ಜಾಯಿಂಟ್. ಟಿಸಿ ಹತ್ತಿರ ನೀವು ಹೋಗಬೇಡಿ, ಅದು ಲೈನ್‌ಮ್ಯಾನ್ ಕೆಲಸ. ಉಳಿದೆರಡನ್ನು ಮೇನ್ ತೆಗೆದು, ಫ್ಯೂಸ್ ಕಿತ್ತು ಜೇಬಿಗೆ ಹಾಕಿಕೊಂಡು ನೋಡಿ. ಪಾಯಿಂಟ್ ಕಪ್ಪಾಗಿ ಗುಳಿ ಬಿದ್ದಿದ್ದರೆ ಉಪ್ಪುಕಾಗದ ಹಾಕಿ ಉಜ್ಜುತ್ತಾ ಕೂರಬೇಡಿ, ಬದಲಿಸಿ.

ಫೇಸ್ ಹೋದ ಕೂಡಲೇ ಮೋಟಾರ್ ನಿಲ್ಲಿಸುವ ಸಿಂಗಲ್ ಫೇಸ್ ಪ್ರಿವೆಂಟರ್ ಇದ್ದರೆ ಈ ತಾಪತ್ರಯ ಬಹುತೇಕ ಇರುವುದಿಲ್ಲ. ಆದರೆ ‘ಸುಮ್ನೆ ಟ್ರಿಪ್ ಆಗ್ತದೆ’ ಅಂತ ಅದನ್ನು ಬೈಪಾಸ್ ಮಾಡಿಸುವವರೇ ಜಾಸ್ತಿ. ಸಿಂಗಲ್ ಫೇಸ್ ಇದ್ದಾಗ ಕಂಡೆನ್ಸರ್ (ಕೆಪಾಸಿಟರ್) ಹಾಕಿ ಓಡಿಸುವ ರೂಢಿಯೂ ಉಂಟು. ಆಗ ಮೂರು ಕಾಯಿಲಿಗೂ ಸಮ ಕರೆಂಟ್ ಸಿಗುವುದಿಲ್ಲ. ನೀರು ಬರುತ್ತದೆ, ನಿಜ, ಆದರೆ ಮೋಟಾರಿನ ಆಯಸ್ಸು ಕಡಿಮೆಯಾಗುತ್ತದೆ.

ಮೂರೂ ಸಮ ಸುಟ್ಟಿದ್ದರೆ

415 ವೋಲ್ಟ್ ಬೇಕಾದಲ್ಲಿ 330 ಬಂದರೆ ಮೋಟಾರಿನ ಎಳೆಯುವ ಶಕ್ತಿ ಸುಮಾರು 63 ಶೇಕಡಾದಷ್ಟಕ್ಕೆ ಇಳಿಯುತ್ತದೆ. ಪಂಪಿನ ಭಾರ ಹೆಚ್ಚು ಕಮ್ಮಿ ಅಷ್ಟೇ ಇರುವುದರಿಂದ ಆಂಪ್ಸ್ ಏರುತ್ತದೆ. ಇದಕ್ಕೆ ನಮ್ಮದೂ ಒಂದು ಪಾಲಿದೆ. ತ್ರೀ ಫೇಸ್ ಬಂದ ಕೂಡಲೇ ಒಂದು ಟಿಸಿಯ ಅಷ್ಟೂ ಆಟೋ ಸ್ಟಾರ್ಟರ್ ಒಟ್ಟಿಗೆ ಆನ್ ಆಗುತ್ತವೆ. ಒಂದೊಂದು ಮೋಟಾರೂ ಶುರುವಿನಲ್ಲಿ 5ರಿಂದ 7 ಪಟ್ಟು ಕರೆಂಟ್ ಎಳೆಯುತ್ತದೆ. ಅಕ್ಕಪಕ್ಕದವರು ಮಾತಾಡಿಕೊಂಡು ಟೈಮರನ್ನು ಬೇರೆ ಬೇರೆ ನಿಮಿಷಕ್ಕೆ ಇಟ್ಟುಕೊಂಡರೆ ಖರ್ಚಿಲ್ಲದೆ ಅರ್ಧ ತೊಂದರೆ ತಪ್ಪುತ್ತದೆ, ಅಲ್ವಾ?

ಆಮೇಲೆ, ಕರೆಂಟ್ ಮಿತಿ ಮೀರಿದರೆ ಮೋಟಾರ್ ನಿಲ್ಲಿಸುವ ಓವರ್‌ಲೋಡ್ ರಿಲೇ. ಟ್ರಿಪ್ ಆದಾಗಲೆಲ್ಲ ಅದರ ತಿರುಪನ್ನು ಮೇಲಕ್ಕೆ ತಿರುಗಿಸಿದರೆ ರಿಲೇ ಇದ್ದೂ ಇಲ್ಲದ ಹಾಗೆ. ನೇಮ್ ಪ್ಲೇಟಿನ ಆಂಪ್ಸ್‌ಗೆ ಸರಿಯಾಗಿ ಇಡಿ. ಸ್ಟಾರ್-ಡೆಲ್ಟಾ ಸ್ಟಾರ್ಟರಿನಲ್ಲಿ ರಿಲೇ ಡೆಲ್ಟಾದ ಒಳಗೆ ಇದ್ದರೆ ಪ್ಲೇಟಿನ ಆಂಪ್ಸ್‌ನ 0.58 ಪಟ್ಟು ಇಡಬೇಕು. 15 ಆಂಪ್ಸ್ ಮೋಟಾರಿಗೆ ಅದು 8.7. ಅಲ್ಲಿ 15ಕ್ಕೇ ಇಟ್ಟಿದ್ದರೆ ಮೋಟಾರ್ ಸುಟ್ಟರೂ ರಿಲೇ ಟ್ರಿಪ್ ಆಗುವುದು ಅನುಮಾನ.

ಬೋರ್‌ನಲ್ಲಿ ನೀರು ಇಳಿದು ಒಣ ಓಡಿದರೂ ಇದೇ ಗತಿ. ಸಬ್‌ಮರ್ಸಿಬಲ್‌ಗೆ ಫ್ಯಾನ್ ಇಲ್ಲ, ಸುತ್ತ ಹರಿಯುವ ನೀರೇ ಅದನ್ನು ತಣ್ಣಗಿಡುವುದು.

ಮನೆಯ ಸಂಪ್ ಮೋಟಾರ್ ‘ಗುಂಯ್’ ಅಂದು ತಿರುಗದಿದ್ದರೆ ತಕ್ಷಣ ಆಫ್ ಮಾಡಿ. ಪ್ಲಗ್ ಕಿತ್ತು, ಹಿಂದಿನ ಫ್ಯಾನ್ ಕವರ್ ತೆಗೆದು ಕೈಯಲ್ಲಿ ತಿರುಗಿಸಿ. ಸಲೀಸಾಗಿ ತಿರುಗಿದರೆ ಕಂಡೆನ್ಸರ್ ಹೋಗಿರುವ ಸಾಧ್ಯತೆ ಜಾಸ್ತಿ. ಬಿಗಿಯಾಗಿದ್ದರೆ ಪಂಪ್ ಜಾಮ್ ಅಥವಾ ಬೇರಿಂಗ್. ಕಂಡೆನ್ಸರಿನ ತುದಿ ಮುಟ್ಟಬೇಡಿ, ಪ್ಲಗ್ ತೆಗೆದ ಮೇಲೂ ಅದರಲ್ಲಿ ಕರೆಂಟ್ ಉಳಿದಿರುತ್ತದೆ.

ಇಳಿಸುವ ಮುಂಚೆ, ಇಳಿಸಿದ ಮೇಲೆ

ನೀರು ತುಂಬುವ ಮೋಟಾರಾದರೆ ಇಳಿಸುವ ಮುಂಚೆ ಒಳಗೆ ಶುದ್ಧ ನೀರು ತುಂಬಿಸಿ, ಮೆಗ್ಗರ್ (ತಂತಿಯ ಹೊದಿಕೆ ಕರೆಂಟ್ ಸೋರದಂತೆ ತಡೆಯುತ್ತದೆಯೇ ಎಂದು ಅಳೆಯುವ ಮೀಟರ್) ಹಾಕಿಸಿ. 1 ಮೆಗಾ ಓಮ್‌ಗಿಂತ ಕಡಿಮೆ ತೋರಿಸಿದರೆ ಇಳಿಸಬೇಡಿ.

ಓಡಿಸಿದ ಮೇಲೆ ಎಲೆಕ್ಟ್ರಿಷಿಯನ್ ಹತ್ತಿರ ಟಾಂಗ್ ಟೆಸ್ಟರ್‌ನಲ್ಲಿ (ತಂತಿಯ ಸುತ್ತ ಹಿಡಿದು ಕರೆಂಟ್ ಅಳೆಯುವ ಮೀಟರ್) ಮೂರೂ ತಂತಿಯ ಆಂಪ್ಸ್ ನೋಡಿಸಿ. ಹತ್ತಿರ ಹತ್ತಿರ ಇರಬೇಕು. ಒಂದರಲ್ಲಿ ಜಾಸ್ತಿ ಇದ್ದರೆ ಸ್ಟಾರ್ಟರಿಗೆ ಬರುವ ಮೂರು ತಂತಿಯನ್ನೂ ಒಂದೊಂದು ಸ್ಥಾನ ಮುಂದಕ್ಕೆ ಹಾಕಿಸಿ. ಮೂರನ್ನೂ ಸರಿಸಿದರೆ ಮೋಟಾರ್ ತಿರುಗುವ ದಿಕ್ಕು ಬದಲಾಗುವುದಿಲ್ಲ, ಎರಡನ್ನೇ ಅದಲು ಬದಲು ಮಾಡಿದರೆ ಉಲ್ಟಾ ತಿರುಗುತ್ತದೆ. ಈಗ ಮತ್ತೆ ಅಳೆಯಿರಿ. ಜಾಸ್ತಿ ಆಂಪ್ಸ್ ಅದೇ ಲೈನ್ ತಂತಿಯ ಜೊತೆ ಹೋದರೆ ತೊಂದರೆ ಲೈನಿನದು. ಸ್ಟಾರ್ಟರಿನ ಅದೇ ಟರ್ಮಿನಲ್‌ನಲ್ಲಿ ಉಳಿದರೆ ಸ್ಟಾರ್ಟರ್, ಕೇಬಲ್ ಅಥವಾ ಮೋಟಾರಿನದು.

ಆ ದಿನದ ವೋಲ್ಟೇಜ್ ಮತ್ತು ಮೂರು ರೀಡಿಂಗನ್ನು ಪ್ಯಾನೆಲ್ ಬಾಗಿಲ ಒಳಗೆ ಮಾರ್ಕರ್‌ನಲ್ಲಿ ಬರೆದಿಡಿ. ಮುಂದೆ ಅಷ್ಟೇ ವೋಲ್ಟೇಜಿನಲ್ಲಿ ಆಂಪ್ಸ್ ತೀರಾ ಇಳಿದಿದ್ದರೆ ಬೋರ್‌ನಲ್ಲಿ ನೀರು ಕಮ್ಮಿ ಆಗಿರಬಹುದು, ಇಲ್ಲವೇ ಇಂಪೆಲ್ಲರ್ (ಪಂಪಿನೊಳಗೆ ನೀರು ತಳ್ಳುವ ಚಕ್ರ) ಸವೆದಿರಬಹುದು. ಏರಿದ್ದರೆ ಮರಳು ಕಚ್ಚಿರಬಹುದು, ಬೇರಿಂಗ್ ಹೋಗುತ್ತಿರಬಹುದು.