ಗಿರಾಕಿಯ ಫೋನಿನಲ್ಲಿ ನಿಮ್ಮ ಅಂಗಡಿ: ಯಾವ ಕೆಲಸ ಮೊದಲು, ಯಾವುದು ಆಮೇಲೆ

ಕಲಬುರಗಿಯ ಸೂಪರ್ ಮಾರ್ಕೆಟ್‌ನ ಬಟ್ಟೆ ಅಂಗಡಿಯವರಿರಲಿ, ಬೀದರಿನಲ್ಲಿ ಬಿದರಿ ಕೆಲಸ ಮಾಡುವ ಕುಟುಂಬಗಳಿರಲಿ, ಮನೆಯಲ್ಲೇ ಕಡಕ್ ರೊಟ್ಟಿ, ಶೇಂಗಾ ಹಿಂಡಿ ಮಾಡಿ ಮಾರುವ ಮಹಿಳೆಯರಿರಲಿ, ವ್ಯಾಪಾರವನ್ನು ಇಂಟರ್‌ನೆಟ್‌ಗೆ ಒಯ್ಯುವ ಮಾತು ಬಂದರೆ ಹೆಚ್ಚಿನವರಿಗೆ ಮೊದಲು ನೆನಪಾಗುವುದು ರೀಲ್ಸ್. ರೀಲ್ಸ್ ಮಾಡುವುದರಲ್ಲಿ ತಪ್ಪೇನೂ ಇಲ್ಲ. ಆದರೆ ಅದನ್ನು ಮೆಚ್ಚಿದ ಗಿರಾಕಿಗೆ ಅಂಗಡಿಯ ದಾರಿ ಸಿಗದಿದ್ದರೆ, ಕರೆ ಮಾಡಿದ ನಂಬರ್ ಬಂದ್ ಆಗಿದ್ದರೆ, ಸಂದೇಶ ಕಳಿಸಿ ಎರಡು ದಿನವಾದರೂ ಉತ್ತರ ಬರದಿದ್ದರೆ ಪಟ್ಟ ಶ್ರಮವೆಲ್ಲ ನೀರುಪಾಲು. ಆದ್ದರಿಂದ ಇಲ್ಲಿ ಪ್ರಚಾರದ ವಿಷಯವನ್ನು ಬೇಕೆಂದೇ ಹಿಂದಕ್ಕೆ ಇಡಲಾಗಿದೆ. ಕೆಳಗೆ ಕೊಟ್ಟಿರುವ ಕ್ರಮದಲ್ಲಿಯೇ ಕೆಲಸ ಮಾಡುತ್ತ ಹೋಗುವುದು ಒಳ್ಳೆಯದು.

1. ನಂಬರ್, ಖಾತೆ ಮಾಲೀಕರ ಕೈಯಲ್ಲಿರಲಿ

ವ್ಯಾಪಾರಕ್ಕೆಂದೇ ಒಂದು ಪ್ರತ್ಯೇಕ ಸಿಮ್ ತೆಗೆದುಕೊಳ್ಳಿ. ಅದು ಅಂಗಡಿಯ ಮಾಲೀಕರ ಹೆಸರಿನಲ್ಲಿಯೇ ಇರಲಿ. ಸಾಮಾನ್ಯವಾಗಿ ಆಗುವುದೇನೆಂದರೆ, ಅಂಗಡಿಯಲ್ಲಿ ಕೆಲಸಕ್ಕಿರುವ ಹುಡುಗನೋ ಅಕ್ಕನ ಮಗನೋ ತನ್ನ ಫೋನಿನಿಂದ, ತನ್ನ ಜಿಮೇಲ್‌ನಿಂದ ಎಲ್ಲ ಖಾತೆಗಳನ್ನೂ ತೆರೆದುಕೊಡುತ್ತಾನೆ. ಮುಂದೆ ಅವನು ಬೆಂಗಳೂರಿಗೋ ಪುಣೆಗೋ ನೌಕರಿಗೆ ಹೋದ ಮೇಲೆ ಒಟಿಪಿ ಅವನ ಫೋನಿಗೇ ಹೋಗುತ್ತಿರುತ್ತದೆ, ಇಲ್ಲಿ ಅಂಗಡಿಯ ಪುಟದ ಮೇಲಿನ ಹಳೆಯ ದರವನ್ನು ಅಳಿಸಲೂ ಯಾರಿಗೂ ಸಾಧ್ಯವಾಗುವುದಿಲ್ಲ. ಹುಡುಗರ ನೆರವು ಪಡೆಯಿರಿ, ಆದರೆ ಜಿಮೇಲ್ ಖಾತೆ ನಿಮ್ಮದಾಗಿರಲಿ, ಅದನ್ನು ಮರಳಿ ಪಡೆಯಲು ಕೊಡುವ ನಂಬರ್ ಕೂಡ ನಿಮ್ಮದೇ ಆಗಿರಲಿ. ಪಾಸ್‌ವರ್ಡ್‌ಗಳನ್ನು ಒಂದು ಪುಸ್ತಕದಲ್ಲಿ ಬರೆದು ಮನೆಯಲ್ಲಿ ಭದ್ರವಾಗಿ ಇಡಿ. ಹತ್ತು ಜನರ ಕೈ ಹೋಗುವ ಗಲ್ಲಾಪೆಟ್ಟಿಗೆ ಅದಕ್ಕೆ ಸರಿಯಾದ ಜಾಗವಲ್ಲ. ಸಿಮ್‌ಗೆ ರೀಚಾರ್ಜ್ ತಪ್ಪಿಸಬೇಡಿ. ಬಹುಕಾಲ ಬಳಸದೆ ಬಿಟ್ಟ ನಂಬರನ್ನು ಕಂಪನಿಯವರು ಬೇರೆಯವರಿಗೆ ಕೊಡುತ್ತಾರೆ, ನಂಬರಿನೊಂದಿಗೆ ನಿಮ್ಮ ಗಿರಾಕಿಗಳ ಕರೆಗಳೂ ಅವರ ಪಾಲಾಗುತ್ತವೆ.

2. ನಕ್ಷೆಯ ಮೇಲೆ ಅಂಗಡಿ

ಗೂಗಲ್ ನಕ್ಷೆಯಲ್ಲಿ ಅಂಗಡಿಯನ್ನು ಸೇರಿಸುವ ವ್ಯವಸ್ಥೆಗೆ ಗೂಗಲ್ ಬಿಸಿನೆಸ್ ಪ್ರೊಫೈಲ್ ಎಂದು ಹೆಸರು. ಇದಕ್ಕೆ ಯಾವ ಶುಲ್ಕವೂ ಇಲ್ಲ. ‘ಗೂಗಲ್‌ನಿಂದ ಮಾತಾಡುತ್ತಿದ್ದೇವೆ, ಇಷ್ಟು ಹಣ ಕಟ್ಟದಿದ್ದರೆ ನಿಮ್ಮ ಅಂಗಡಿಯನ್ನು ನಕ್ಷೆಯಿಂದ ತೆಗೆಯುತ್ತೇವೆ’ ಎಂಬ ಕರೆ ಬಂದರೆ ಮಾತು ಬೆಳೆಸದೆ ಫೋನ್ ಇಡಿ. ಹೆಸರು, ವ್ಯಾಪಾರದ ಬಗೆ, ವಿಳಾಸ, ಫೋನ್ ನಂಬರ್ ಕೊಟ್ಟ ಮೇಲೆ ಅಂಗಡಿ ನಿಜವಾಗಿ ಇದೆಯೇ ಎಂಬುದರ ಪರಿಶೀಲನೆ ನಡೆಯುತ್ತದೆ. ಅದಕ್ಕೆ ವಿಡಿಯೊ ಕೇಳಿದರೆ ರಸ್ತೆ, ನಾಮಫಲಕ, ಒಳಗಿನ ಸರಕು, ನೀವೇ ಬೀಗ ತೆರೆಯುವುದು ಅಥವಾ ಗಲ್ಲಾ ನಡೆಸುವುದು, ಇವೆಲ್ಲ ಒಂದೇ ಓಟದಲ್ಲಿ ಕಾಣುವಂತೆ ಚಿತ್ರೀಕರಿಸಿ.

ನಮ್ಮ ಭಾಗದವರು ವಿಶೇಷವಾಗಿ ಗಮನಿಸಬೇಕಾದ ಒಂದು ಸಂಗತಿ ಊರಿನ ಹೆಸರು. ಸರ್ಕಾರಿ ದಾಖಲೆಯಲ್ಲಿ ಗುಲ್ಬರ್ಗಾ ಕಲಬುರಗಿಯಾದದ್ದು 2014ರ ನವೆಂಬರ್ 1ರಂದು. ಆದರೂ ಹೊರಗಿನ ಎಷ್ಟೋ ಜನ ಇಂದಿಗೂ ಹಳೆಯ ಹೆಸರಿನಿಂದಲೇ ಹುಡುಕುತ್ತಾರೆ; 2019ರಲ್ಲಿ ನಮ್ಮ ತೊಗರಿ ಬೇಳೆಗೆ ಭೌಗೋಳಿಕ ಸೂಚಿಕೆ (ಜಿಐ ಟ್ಯಾಗ್) ದೊರೆತದ್ದು ಕೂಡ ‘ಗುಲ್ಬರ್ಗಾ ತೂರ್ ದಾಲ್’ ಎಂಬ ಹೆಸರಿನಲ್ಲಿಯೇ. ಹಾಗೆಂದು ಅಂಗಡಿಯ ಹೆಸರಿನ ಮುಂದೆ ಊರಿನ ಎರಡೂ ಹೆಸರುಗಳನ್ನು ಪೋಣಿಸಬೇಡಿ, ನಾಮಫಲಕದಲ್ಲಿ ಇಲ್ಲದ್ದನ್ನು ಹೆಸರಿಗೆ ಸೇರಿಸುವುದು ಗೂಗಲ್ ನಿಯಮಕ್ಕೆ ವಿರುದ್ಧ. ಪರಿಚಯ ಬರೆಯಲು 750 ಅಕ್ಷರಗಳ ಜಾಗ ಕೊಟ್ಟಿರುತ್ತಾರೆ; ಅಲ್ಲಿ ಎರಡೂ ಹೆಸರುಗಳು ಸಹಜವಾಗಿ ಬರುವಂತೆ ವಾಕ್ಯ ಕಟ್ಟಿ.

ವೇಳೆಯನ್ನೂ ಸರಿಯಾಗಿ ತುಂಬಿ. ಏಪ್ರಿಲ್, ಮೇ ತಿಂಗಳ ಬಿಸಿಲಿಗೆ ಮಧ್ಯಾಹ್ನ ಬಾಗಿಲು ಹಾಕುವ ಅಂಗಡಿಗಳು ಒಂದೇ ದಿನಕ್ಕೆ ಎರಡು ವೇಳೆಗಳನ್ನು ನಮೂದಿಸಬಹುದು. ಶರಣಬಸವೇಶ್ವರ ಜಾತ್ರೆ, ಬಂದೇ ನವಾಜ್ ಉರುಸಿನಂತಹ ದಿನಗಳಿಗೆ ವಿಶೇಷ ವೇಳೆ ತೋರಿಸಲೂ ಅವಕಾಶವಿದೆ. ಮನೆಯಿಂದಲೇ ವ್ಯಾಪಾರ ಮಾಡಿ ಸರಕು ತಲುಪಿಸುವವರು ಮನೆಯ ವಿಳಾಸವನ್ನು ಮುಚ್ಚಿಟ್ಟು, ಯಾವ ಪ್ರದೇಶಕ್ಕೆ ತಲುಪಿಸುತ್ತೀರಿ ಎಂಬುದನ್ನಷ್ಟೇ ತೋರಿಸಬಹುದು. ಒಂಟಿಯಾಗಿ ಕೆಲಸ ಮಾಡುವ ಮಹಿಳೆಯರಿಗೆ ಇದು ಅಗತ್ಯವೆಂದೇ ಹೇಳಬೇಕು.

3. ವಾಟ್ಸ್ಆ್ಯಪ್ ಬಿಸಿನೆಸ್

ಸಾಮಾನ್ಯ ವಾಟ್ಸ್ಆ್ಯಪ್‌ಗಿಂತ ಇದು ಬೇರೆಯೇ ಆ್ಯಪ್, ಉಚಿತ. ಒಂದೇ ನಂಬರ್ ಎರಡರಲ್ಲೂ ಏಕಕಾಲಕ್ಕೆ ನಡೆಯದ ಕಾರಣ, ಮೊದಲು ತೆಗೆದುಕೊಂಡ ಪ್ರತ್ಯೇಕ ಸಿಮ್ ಇಲ್ಲಿ ಉಪಯೋಗಕ್ಕೆ ಬರುತ್ತದೆ. ಸ್ವಾಗತ ಸಂದೇಶವನ್ನು ಒಮ್ಮೆ ಬರೆದಿಟ್ಟರೆ ಹೊಸಬರಿಗೂ, 14 ದಿನ ಮಾತಿಲ್ಲದೆ ಮತ್ತೆ ಬಂದವರಿಗೂ ತಾನಾಗಿಯೇ ಹೋಗುತ್ತದೆ. ಅದರ ಭಾಷೆ ಬ್ಯಾಂಕಿನ ನೋಟಿಸಿನಂತೆ ಇರಬೇಕಾಗಿಲ್ಲ. ‘ನಮಸ್ಕಾರ್ರೀ. ನಿಮಗ ಏನ್ ಬೇಕು, ಎಷ್ಟು ಬೇಕು, ಯಾವ ಊರಿಗೆ ಕಳಿಸಬೇಕು ಅಂತ ಬರೀರಿ. ಸಂಜೀ 6ರೊಳಗ ಉತ್ತರ ಕೊಡ್ತೀವಿ’ ಎಂದಿದ್ದರೆ ಸಾಕು, ಮುಂದೆ ಮೂರು ಪ್ರಶ್ನೆಗಳನ್ನು ಕೇಳುವುದು ತಪ್ಪುತ್ತದೆ. ಪದೇ ಪದೇ ಬರೆಯಬೇಕಾದ ಉತ್ತರಗಳನ್ನು ‘ಕ್ವಿಕ್ ರಿಪ್ಲೈ’ಯಲ್ಲಿ ಉಳಿಸಿಟ್ಟರೆ ಓರೆಗೆರೆ (/) ಒತ್ತಿದೊಡನೆ ಅವು ಕಾಣುತ್ತವೆ. ಲೇಬಲ್‌ಗಳಿಂದ ಹಣ ಬಂದದ್ದು, ಕಳಿಸಿದ್ದು, ಉದ್ರಿ ಎಂದು ಗಿರಾಕಿಗಳನ್ನು ಬೇರ್ಪಡಿಸಬಹುದು.

ಎಲ್ಲಕ್ಕಿಂತ ಹೆಚ್ಚು ಉಪಯುಕ್ತವಾದದ್ದು ಕ್ಯಾಟಲಾಗ್. ಅದರಲ್ಲಿ 500 ಪದಾರ್ಥಗಳವರೆಗೆ ಸೇರಿಸಬಹುದು, ಆದರೆ ಹತ್ತನ್ನು ಸರಿಯಾಗಿ ಬರೆದರೆ ಸಣ್ಣ ವ್ಯಾಪಾರಕ್ಕೆ ಧಾರಾಳವಾಯಿತು. ‘ಜೋಳದ ರೊಟ್ಟಿ, ಉತ್ತಮ ಗುಣಮಟ್ಟ’ ಎಂದರೆ ಹೈದರಾಬಾದಿನಲ್ಲಿ ಕುಳಿತ ಗಿರಾಕಿಗೆ ಏನೂ ತಿಳಿಯುವುದಿಲ್ಲ. ಅದರ ಬದಲು ಹೀಗೆ ಬರೆಯಿರಿ: ಬಿಳಿಜೋಳದ ಕಡಕ್ ರೊಟ್ಟಿ, ಒಂದು ಕಟ್ಟಿನಲ್ಲಿ 20 ರೊಟ್ಟಿ. ಎಳ್ಳು ಹಚ್ಚಿದ್ದು, ಹಚ್ಚದ್ದು ಎರಡೂ ಇವೆ. ತಯಾರಿಸಿದ ದಿನಾಂಕ ಪೊಟ್ಟಣದ ಮೇಲಿದೆ. ತೇವ ತಾಗದಂತೆ ಡಬ್ಬಿಯಲ್ಲಿ ಇಡಬೇಕು. ಕೊರಿಯರ್ ಖರ್ಚು ಪ್ರತ್ಯೇಕ. ದಾರಿಯಲ್ಲಿ ಮುರಿದರೆ ಪೊಟ್ಟಣ ಬಿಚ್ಚುವಾಗಿನ ವಿಡಿಯೊ ಕಳಿಸಿ. ಇಷ್ಟನ್ನು ಬರೆದರೆ ಜಗಳಕ್ಕೆ ಎಡೆಯೇ ಇರುವುದಿಲ್ಲ. ತಿನಿಸು ಮಾರುವವರು ಎಫ್‌ಎಸ್‌ಎಸ್‌ಎಐ (ಕೇಂದ್ರದ ಆಹಾರ ಸುರಕ್ಷತಾ ಪ್ರಾಧಿಕಾರ) ನೋಂದಣಿ ಮಾಡಿಸಿ, ಆ 14 ಅಂಕಿಗಳ ಸಂಖ್ಯೆಯನ್ನು ಇಲ್ಲಿಯೂ ಹಾಕಬೇಕು.

4. ಫೋಟೊ

ಮೊದಲು ಲೆನ್ಸ್ ಒರೆಸಿ, ಫ್ಲಾಷ್ ಆರಿಸಿ, ಕಿಟಕಿಯ ಪಕ್ಕಕ್ಕೆ ಬನ್ನಿ. ಬಟ್ಟೆ, ಪಾತ್ರೆ, ತಿನಿಸುಗಳಿಗೆ ಇದಕ್ಕಿಂತ ಹೆಚ್ಚಿನ ಸಿದ್ಧತೆ ಬೇಕಿಲ್ಲ. ಬಿದರಿ ವಸ್ತುಗಳ ವಿಷಯ ಮಾತ್ರ ಬೇರೆ. ಸತು ಮತ್ತು ತಾಮ್ರದ ಮಿಶ್ರಲೋಹಕ್ಕೆ ಬೀದರ್ ಕೋಟೆಯ ಮಣ್ಣಿನ ಲೇಪ ಕೊಟ್ಟಾಗ ಬರುವ ಕಡುಗಪ್ಪು, ಅದರ ಮೇಲೆ ಎದ್ದು ಕಾಣುವ ಬೆಳ್ಳಿಯ ಕುಸುರಿ, ಇವೆರಡರ ನಡುವಿನ ಅಂತರವೇ ಆ ಕಲೆಯ ಚೆಲುವು. ಫೋನಿನ ಕ್ಯಾಮೆರಾ ಕಪ್ಪು ವಸ್ತುವನ್ನು ಕಂಡಾಗ ಬೆಳಕು ಸಾಲದೆಂದು ಚಿತ್ರವನ್ನು ತಾನಾಗಿಯೇ ಬೆಳಗಿಸಿಬಿಡುತ್ತದೆ. ಆಗ ಕಪ್ಪು ಬೂದಿಬಣ್ಣಕ್ಕೆ ತಿರುಗುತ್ತದೆ, ಬೆಳ್ಳಿಯ ಬಳ್ಳಿಗಳು ಗೆರೆ ಕಳೆದುಕೊಂಡು ಬರಿಯ ಬಿಳಿ ಮಚ್ಚೆಗಳಾಗುತ್ತವೆ. ಪರದೆಯ ಮೇಲೆ ಬೆಳ್ಳಿಯ ಭಾಗವನ್ನು ಬೆರಳಿನಿಂದ ಮುಟ್ಟಿ, ಪಕ್ಕದಲ್ಲಿ ಮೂಡುವ ಸೂರ್ಯನ ಗುರುತನ್ನು ಕಪ್ಪು ಕಪ್ಪಾಗಿಯೇ ಕಾಣುವವರೆಗೆ ಕೆಳಕ್ಕೆ ಎಳೆಯಿರಿ. ಕಿಟಕಿಗೆ ತೆಳುವಾದ ಬಿಳಿ ಪಂಚೆ ಕಟ್ಟಿದರೆ ವಸ್ತುವಿನ ಮೈಮೇಲೆ ಕಿಟಕಿಯ ಸರಳುಗಳ ಪ್ರತಿಬಿಂಬ ಬೀಳುವುದು ತಪ್ಪುತ್ತದೆ. ಒಂದು ಫೋಟೊದಲ್ಲಾದರೂ ವಸ್ತು ಅಂಗೈ ಮೇಲಿರಲಿ, ಏಕೆಂದರೆ ಚಿತ್ರದಲ್ಲಿ ಹೂದಾನಿ ದೊಡ್ಡದಾಗಿ ಕಂಡು ಕೈಗೆ ಬಂದಾಗ ಚಿಕ್ಕದೆನಿಸಿತು ಎಂಬುದು ಹಿಂದಿರುಗಿಸುವವರ ಮಾಮೂಲಿ ದೂರು.

5. ಇನ್‌ಸ್ಟಾಗ್ರಾಂ, ಫೇಸ್‌ಬುಕ್

ಸ್ವಂತ ಪ್ರೊಫೈಲಿನಲ್ಲಿ ವ್ಯಾಪಾರ ಮಾಡದೆ ಅಂಗಡಿಗೆ ಬೇರೆ ಪುಟ ತೆರೆಯಿರಿ. ಫೇಸ್‌ಬುಕ್‌ನಲ್ಲಿ ವ್ಯಕ್ತಿಯ ಖಾತೆಗೆ ಗೆಳೆಯರ ಮಿತಿ 5,000. ವಾರಕ್ಕೆ ಎರಡು ಪೋಸ್ಟ್ ಹಾಕಿದರೂ ಸಾಕು, ತಪ್ಪಿಸದೆ ಹಾಕಬೇಕು. ಹಾಡಿಗೆ ತುಟಿಯಾಡಿಸುವ ವಿಡಿಯೊಗಿಂತ, ಬೆಳ್ಳಿಯ ತಂತಿಯನ್ನು ಗೆರೆಯೊಳಗೆ ಕೂರಿಸುವ ಕೈ, ಹೆಂಚಿನ ಮೇಲೆ ಉಬ್ಬುವ ರೊಟ್ಟಿ ನೋಡುವವರನ್ನು ಹೆಚ್ಚು ಹೊತ್ತು ಹಿಡಿದು ನಿಲ್ಲಿಸುತ್ತವೆ ಎಂಬುದು ಈ ಲೇಖಕರ ಅಭಿಪ್ರಾಯ. ಹಣ ಕೊಟ್ಟು ಜಾಹೀರಾತು ಹಾಕುವುದಾದರೆ ಸಣ್ಣ ಮೊತ್ತದಿಂದ ಆರಂಭಿಸಿ, ಗುರಿಯಾಗಿ ಲೈಕ್ ಬದಲು ಸಂದೇಶವನ್ನು ಆರಿಸಿ. ಅಂಗಡಿಗೇ ಗಿರಾಕಿ ಬರಬೇಕಾದ ವ್ಯಾಪಾರಕ್ಕೆ ಊರಿನ ಸುತ್ತಲಿನ ಪ್ರದೇಶವನ್ನಷ್ಟೇ ಆಯ್ದುಕೊಳ್ಳಿ; ಕೊರಿಯರ್ ಮಾಡುವವರು ನಮ್ಮ ಭಾಗದ ಜನ ಹೆಚ್ಚಾಗಿರುವ ಬೆಂಗಳೂರು, ಪುಣೆ, ಹೈದರಾಬಾದ್‌ಗಳನ್ನು ಸೇರಿಸಬಹುದು.

6. ಹಣ ಮತ್ತು ಭದ್ರತೆ

ವಾಟ್ಸ್ಆ್ಯಪ್‌ನ ಸೆಟ್ಟಿಂಗ್ಸ್‌ನಲ್ಲಿ ಎರಡು ಹಂತದ ಪರಿಶೀಲನೆ ಆರಂಭಿಸಿ ಆರು ಅಂಕಿಯ ಪಿನ್ ಇಡಿ, ಬ್ಯಾಕಪ್ ಚಾಲೂ ಮಾಡಿ. ‘ಲಿಂಕ್ಡ್ ಡಿವೈಸಸ್’ ಪಟ್ಟಿಯಲ್ಲಿ ಅಪರಿಚಿತ ಕಂಪ್ಯೂಟರ್ ಕಂಡರೆ ಕೂಡಲೇ ತೆಗೆದುಹಾಕಿ. ಯುಪಿಐ ಪಿನ್ ಬೇಕಾಗುವುದು ಹಣ ಕೊಡುವಾಗ, ಪಡೆಯುವಾಗ ಎಂದೂ ಅಲ್ಲ. ಸೈನ್ಯದವರೆಂದು ಹೇಳಿಕೊಂಡು ದೊಡ್ಡ ಆರ್ಡರ್ ಕೊಟ್ಟು, ‘ಮುಂಗಡ ಪಡೆಯಲು ಈ ಕ್ಯೂಆರ್ ಸ್ಕ್ಯಾನ್ ಮಾಡಿ’ ಎನ್ನುವವರ ಆಟ ನಡೆಯುವುದು ಈ ಒಂದು ವಿಷಯ ತಿಳಿಯದವರ ಮೇಲೆಯೇ. ಹಣ ಕಳಿಸಿದ ಸ್ಕ್ರೀನ್‌ಶಾಟ್ ನಂಬಿ ಸರಕು ಕೊಡಬೇಡಿ, ಖಾತೆಗೆ ಜಮೆಯಾದದ್ದನ್ನು ನೋಡಿ ಕೊಡಿ. ಅಂಗಡಿಯ ಮುಂದೆ ಅಂಟಿಸಿದ ಕ್ಯೂಆರ್ ಮೇಲೆ ಬೇರೆಯವರದ್ದನ್ನು ಅಂಟಿಸಿ ಹೋಗುವವರೂ ಇರುವುದರಿಂದ ಬೆಳಿಗ್ಗೆ ಬೋಣಿಗೆಗೆ ಮುನ್ನ ಒಮ್ಮೆ ಸ್ಕ್ಯಾನ್ ಮಾಡಿ ಹೆಸರು ನೋಡಿಕೊಳ್ಳಿ. ಮದುವೆ ಆಮಂತ್ರಣ, ವಾಹನದ ದಂಡದ ಚೀಟಿ ಎಂದು ಬರುವ ಎಪಿಕೆ ಫೈಲುಗಳನ್ನು (ಫೋನಿನಲ್ಲಿ ಆ್ಯಪ್ ಅಳವಡಿಸುವ ಫೈಲುಗಳು) ತೆರೆಯಲೇಬಾರದು. ಸಹಾಯವಾಣಿ ನಂಬರನ್ನು ಗೂಗಲ್‌ನಲ್ಲಿ ಹುಡುಕಿದರೆ ವಂಚಕರದ್ದು ಸಿಗುವ ಸಂಭವವಿದೆ. ಆಯಾ ಆ್ಯಪ್‌ನ ಒಳಗಿರುವ ಸಹಾಯ ವಿಭಾಗವನ್ನೇ ಬಳಸಿ, ನಿಮ್ಮ ಪರದೆ ತೋರಿಸುವ ಆ್ಯಪ್ ಹಾಕಿಕೊಳ್ಳಲು ಯಾರೇ ಹೇಳಿದರೂ ಒಪ್ಪಬೇಡಿ.

ಹಣ ಹೋಗಿಯೇ ಬಿಟ್ಟಿದ್ದರೆ ತಡಮಾಡದೆ ಸೈಬರ್ ವಂಚನೆಯ ಸಹಾಯವಾಣಿ 1930ಕ್ಕೆ ಕರೆ ಮಾಡಬೇಕು, ಬ್ಯಾಂಕಿಗೂ ತಿಳಿಸಬೇಕು. ವಂಚಕರು ಹಣವನ್ನು ಮುಂದಿನ ಖಾತೆಗೆ ದಾಟಿಸುವ ಮೊದಲೇ ತಡೆಹಿಡಿಯಲು ಆಗ ಅವಕಾಶವಿರುತ್ತದೆ. ಕರೆ ಮಾಡುವಾಗ ಹಣ ಹೋದ ದಿನ, ವೇಳೆ, ಮೊತ್ತ, ವ್ಯವಹಾರದ ಸಂಖ್ಯೆ, ವಂಚಕರ ನಂಬರ್ ಎದುರಿಗಿರಲಿ. ಆ ಸಂಭಾಷಣೆಯ ಸಂದೇಶಗಳನ್ನು ಸಿಟ್ಟಿನಲ್ಲಿ ಅಳಿಸಬೇಡಿ, ಪೊಲೀಸರು ಕೇಳುವುದು ಅವನ್ನೇ.