ಎಂಜಿನ್‌ಗಿಂತ ಮೊದಲು ತಿರುವು

ಮನೆಯಲ್ಲಿ ಓಡಿಸುವ ಮಾದರಿ ರೈಲುಗಳಲ್ಲಿ ಎಚ್‌ಓ ಅನ್ನೋದು ಒಂದು ಅಳತೆ (ಸ್ಕೇಲ್). ಎಚ್‌ಓ ಸ್ಕೇಲ್‌ನ ರೈಲು ನಿಜವಾದ ರೈಲಿನ 87ರಲ್ಲಿ ಒಂದು ಭಾಗ. ಹಳಿಗಳ ನಡುವೆ 16.5 ಮಿ.ಮೀ. ನನಗೆ ಮನೆಯಲ್ಲಿ ಸಿಕ್ಕ ಜಾಗ 8x4 ಅಡಿಯ ಒಂದು ಪ್ಲೈವುಡ್ ಹಾಳೆಯಷ್ಟು. ನಾಲ್ಕಡಿ ಅಗಲದಲ್ಲಿ ರೈಲು ಪೂರ್ತಿ ತಿರುಗಬೇಕಾದರೆ 22 ಇಂಚಿನ ರೇಡಿಯಸ್ಸೇ ಹೆಚ್ಚು. ಅದಕ್ಕಿಂತ ಜಾಸ್ತಿ ಮಾಡಿದರೆ ಹಳಿ ತೀರಾ ಅಂಚಿಗೆ ಬರುತ್ತದೆ.

ಮನಸ್ಸಲ್ಲಿ ಇದ್ದದ್ದು ಎಲ್‌ಎಚ್‌ಬಿ ಕೋಚುಗಳ, ಅಂದರೆ ನಮ್ಮ ರೈಲ್ವೆಯ ಹೊಸ ಮಾದರಿಯ ಉದ್ದನೆಯ ಡಬ್ಬಿಗಳ ಎಕ್ಸ್‌ಪ್ರೆಸ್. ನಿಜವಾದ ಕೋಚು ಸುಮಾರು 23.5 ಮೀಟರ್, ಎಚ್‌ಓದಲ್ಲಿ 27 ಸೆಂ.ಮೀ. ರೇಡಿಯಸ್ಸು ಅತಿ ಉದ್ದದ ಡಬ್ಬಿಯ ಮೂರರಷ್ಟಾದರೂ ಇರಬೇಕು ಅನ್ನೋದು ಈ ಹವ್ಯಾಸದಲ್ಲಿ ಎಲ್ಲರೂ ಇಟ್ಟುಕೊಳ್ಳುವ ಲೆಕ್ಕ. ಅಂದರೆ 32 ಇಂಚು ಬೇಕು.

ಆದರೂ ಕಣ್ಣಾರೆ ನೋಡೋಣ ಅಂತ ಮೊಳೆ, ಮರದ ಪಟ್ಟಿ, ಪೆನ್ಸಿಲ್ ಹಿಡಿದು ಪ್ಲೈವುಡ್ ಮೇಲೆ 22 ಇಂಚು ರೇಡಿಯಸ್ಸಿನ ಗೆರೆ ಎಳೆದೆ. ಕೋಚಿನ ಅಳತೆಗೆ ರಟ್ಟು ಕತ್ತರಿಸಿ, ಚಕ್ರ ಕೂರುವ ಎರಡು ಕಡೆ, 17 ಸೆಂ.ಮೀ. ಅಂತರದಲ್ಲಿ, ಗುಂಡುಸೂಜಿ ಚುಚ್ಚಿದೆ. ಎರಡೂ ಸೂಜಿ ಗೆರೆಯ ಮೇಲೆ ನಿಂತಾಗ ರಟ್ಟಿನ ನಡುಭಾಗ ಆರೂವರೆ ಮಿ.ಮೀ. ಒಳಕ್ಕೆ ಸರಿದಿತ್ತು. ತುದಿಗಳು ಹತ್ತಿರ ಹತ್ತು ಮಿ.ಮೀ. ಹೊರಕ್ಕೆ! ತೊಂದರೆ ಬರೋದು ತಿರುವು ಶುರುವಾಗುವ ಜಾಗದಲ್ಲಿ. ಹಿಂದಿನ ಕೋಚು ಇನ್ನೂ ನೇರ ಹಳಿಯ ಮೇಲಿರುತ್ತದೆ, ಮುಂದಿನದರ ತುದಿ ಆಗಲೇ ಹೊರಗೆ ಹೋಗಿರುತ್ತದೆ. ಎರಡನ್ನೂ ಜೋಡಿಸುವ ಕೊಂಡಿ, ಅಂದರೆ ಕಪ್ಲರ್, ಪಕ್ಕಕ್ಕೆ ಜಗ್ಗುತ್ತದೆ. ಹಗುರವಾದ ಡಬ್ಬಿ ಹಳಿ ತಪ್ಪೋದು ಅಲ್ಲೇ.

ನಮ್ಮ ಬ್ರಾಡ್‌ಗೇಜಿನಲ್ಲಿ 175 ಮೀಟರಿಗಿಂತ ಬಿಗಿಯಾದ ತಿರುವು ಹಾಕುವಂತಿಲ್ಲ. 87ರಿಂದ ಭಾಗಿಸಿದರೂ ಎರಡು ಮೀಟರ್. ಮನೆಯಲ್ಲಿ ಅಷ್ಟು ಜಾಗ ಯಾರಿಗಿದೆ ಹೇಳಿ.

ಎಕ್ಸ್‌ಪ್ರೆಸ್ ಬಿಟ್ಟು ಗೂಡ್ಸ್ ಆರಿಸಿಕೊಂಡೆ. 40 ಅಡಿಯ ಅಮೆರಿಕನ್ ಬಾಕ್ಸ್‌ಕಾರ್, ಅಂದರೆ ಮುಚ್ಚಿದ ಗೂಡ್ಸ್ ಡಬ್ಬಿ, ಎಚ್‌ಓದಲ್ಲಿ 14 ಸೆಂ.ಮೀ. 22 ಇಂಚು ಅಂದರೆ 56, ಸರಿಯಾಗಿ ನಾಲ್ಕರಷ್ಟು. ಎಂಜಿನ್ನು ನಾಲ್ಕು ಆಕ್ಸಲ್‌ನ ಎಸ್‌ಡಬ್ಲ್ಯು1500, ಯಾರ್ಡಿನಲ್ಲಿ ಡಬ್ಬಿ ತಳ್ಳುವ ಪುಟ್ಟ ಡೀಸೆಲ್. ಆರು ಆಕ್ಸಲ್‌ನವು ನೋಡೋಕೆ ಗಂಭೀರ, ನಿಜ. ಅವಕ್ಕೆ ಇನ್ನೂ ಅಗಲದ ತಿರುವೇ ಚಂದ. ಎಕ್ಸ್‌ಪ್ರೆಸ್ಸೇ ಬೇಕು ಅನ್ನುವವರು 160ರಲ್ಲಿ ಒಂದು ಭಾಗದ ಎನ್ ಸ್ಕೇಲ್ ನೋಡಬಹುದು. ಅದರಲ್ಲಿ ಅದೇ ಕೋಚು 15 ಸೆಂ.ಮೀ. ಕೂಡ ಆಗಲ್ಲ, ಇದೇ ಹಾಳೆಯ ಮೇಲೆ ಆರಾಮಾಗಿ ತಿರುಗುತ್ತದೆ.

ಹಳಿಗೆ ಬೇಕಾದಂತೆ ಬಗ್ಗಿಸಬಹುದಾದ ಮೂರಡಿಯ ಫ್ಲೆಕ್ಸ್ ತುಂಡುಗಳನ್ನು ತಗೊಂಡೆ. ತಿರುವಿನ ನಡುವೆ ಜೋಡಣೆ ಬರುವ ಕಡೆ, ಎರಡು ತುಂಡನ್ನು ನೇರವಾಗಿಟ್ಟು ಬೆಸುಗೆ ಹಾಕಿ, ಆಮೇಲೆ ಬಗ್ಗಿಸಿದೆ. ಬಗ್ಗಿಸಿ ಆಮೇಲೆ ಜೋಡಿಸಿದರೆ ಅಲ್ಲೊಂದು ಮೂಲೆ ಉಳಿದುಬಿಡುತ್ತದೆ, ಬೆರಳಾಡಿಸಿದರೆ ಗೊತ್ತಾಗುತ್ತದೆ. ಡಬ್ಬಿ ನಿಲ್ಲಿಸುವ ಪಕ್ಕದ ಹಳಿಗೆ, ಅಂದರೆ ಸೈಡಿಂಗ್‌ಗೆ ಹೋಗುವಾಗ ಎಡ ತಿರುವು ಮುಗಿದು ಬಲ ತಿರುವು ಶುರುವಾಗುತ್ತದೆ. ಅವೆರಡರ ನಡುವೆ ಒಂದು ಬಾಕ್ಸ್‌ಕಾರಿನ ಉದ್ದ ನೇರ ಹಳಿ ಬಿಟ್ಟಿದ್ದೇನೆ. ಡಬ್ಬಿಗಳನ್ನು ಹಿಂದಕ್ಕೆ ತಳ್ಳಿದರೂ ಸಲೀಸಾಗಿ ಒಳಗೆ ಹೋಗುತ್ತವೆ.