ಜೋಡಿಯಲ್ಲದ ಎರಡು ರ್ಯಾಮ್ 3200ರಲ್ಲಿ ಓಡಿದ್ದು

ಎರಡು ಕಂಪನಿಯ ರ್ಯಾಮ್ ಸೇರಿಸಬೇಡ, ಕೈ ಕೊಡುತ್ತೆ ಅಂತ ತುಮಕೂರಿನ ಗೆಳೆಯರೂ ಅಂಗಡಿಯವರೂ ಒಂದೇ ರಾಗ ಹಾಡಿದ್ದರು. ಆರೇಳು ತಿಂಗಳಾಯ್ತು, ನನ್ನ ಸಿಸ್ಟಮ್ ಒಂದು ಸಲವೂ ನೀಲಿ ಸ್ಕ್ರೀನ್ ತೋರಿಸಿಲ್ಲ.

ನನ್ನದು ರೈಜೆನ್ 5 5600ಜಿ ಪ್ರೊಸೆಸರ್, ಬಿ450 ಮದರ್‌ಬೋರ್ಡು. ಗ್ರಾಫಿಕ್ಸ್ ಕಾರ್ಡಿಗೆ ದುಡ್ಡಿರಲಿಲ್ಲ. ಒಳಗಿನ ಗ್ರಾಫಿಕ್ಸಿಗೆ ರ್ಯಾಮೇ ಗತಿ, ಅಲ್ವಾ? ಒಂದೇ ಸ್ಟಿಕ್ ಹಾಕಿ ಅದರಿಂದ ಆಟ ಆಡಿಸೋದು ಸುಮ್ನೆ ಹಿಂಸೆ. ನನ್ನ ಹತ್ತಿರ ಇದ್ದದ್ದು 8 ಜಿಬಿಯ, 3200 ವೇಗದ, ಸಿಎಲ್16 (ರ್ಯಾಮ್ ಡೇಟಾ ಕೊಡೋಕೆ ಕಾಯಿಸುವ ಲೆಕ್ಕ, ಕಮ್ಮಿ ಇದ್ದಷ್ಟೂ ಒಳ್ಳೆಯದು) ಒಂದೇ ಸ್ಟಿಕ್. ಹೊಸ ಜೋಡಿಗೆ ಊರಲ್ಲಿ ಮೂರೂವರೆ ಸಾವಿರದ ಮೇಲೆ ಹೇಳಿದರು. ರೈಲು ಹತ್ತಿ ಬೆಂಗಳೂರಿನ ಎಸ್‌ಪಿ ರೋಡಿಗೆ ಹೋದೆ. ಚೌಕಾಸಿ ಮಾಡಿ ಸೆಕೆಂಡ್ ಹ್ಯಾಂಡ್ 8 ಜಿಬಿ ಸ್ಟಿಕ್ಕನ್ನು ಸಾವಿರದ ಇನ್ನೂರರ ಆಸುಪಾಸಿಗೆ ತಂದೆ. ಸಿಎಲ್22, ಬರೀ ಹಸಿರು ಬೋರ್ಡು, ಮೇಲೆ ಹೀಟ್‌ಸಿಂಕ್ ಕೂಡ ಇಲ್ಲ. ಇದು ಆಗಿನ ರೇಟು, ಈಗ ಅದೇ ಬೆಲೆಗೆ ಸಿಗುತ್ತೆ ಅಂದುಕೊಳ್ಳಬೇಡಿ.

ಪ್ರೊಸೆಸರ್ ಕಡೆಯಿಂದ 2 ಮತ್ತು 4ನೇ ಸ್ಲಾಟಿಗೆ ಕೂರಿಸಿದೆ. ಎಕ್ಸ್‌ಎಂಪಿ (ಸ್ಟಿಕ್ಕಿನಲ್ಲೇ ಬರೆದಿಟ್ಟ ವೇಗದ ಸೆಟ್ಟಿಂಗ್) ಆನ್ ಮಾಡಿದರೆ ಬೋರ್ಡು ಒಳ್ಳೆ ಸ್ಟಿಕ್ಕಿನ 16-18-18-38 ಟೈಮಿಂಗನ್ನೇ ಎರಡಕ್ಕೂ ಹೇರುತ್ತಿತ್ತು. ಫ್ಯಾನ್ ತಿರುಗುತ್ತೆ, ಸ್ಕ್ರೀನ್ ಕಪ್ಪು. ಸ್ಕ್ರೂಡ್ರೈವರ್ ತುದಿಯಿಂದ ಬೋರ್ಡಿನ ಸೆಟ್ಟಿಂಗ್ ಅಳಿಸುವ ಸಿಮಾಸ್ ಪಿನ್ ಮುಟ್ಟಿಸೋದು, ಮತ್ತೆ ಶುರು. ಎಕ್ಸ್‌ಎಂಪಿ ಆಫ್ ಮಾಡಿದರೆ ಎರಡೂ 2400ಕ್ಕೆ ಇಳಿದು ಕೂರುತ್ತಿದ್ದವು. ‘ನಾನು ಹೇಳಿರಲಿಲ್ವಾ’ ಅಂತ ಗೆಳೆಯ ನಕ್ಕ.

ಆಮೇಲೆ ಪ್ರೊಫೈಲ್ ಬಿಟ್ಟು ಎಲ್ಲ ಕೈಯಿಂದಲೇ ಹಾಕಿದೆ. ವೇಗ 3200, ವೋಲ್ಟೇಜ್ 1.35, ಗೇರ್ ಡೌನ್ ಮೋಡ್ (ರ್ಯಾಮ್ ಸ್ಥಿರವಾಗಿ ಓಡೋಕೆ ನೆರವಾಗುವ ಸೆಟ್ಟಿಂಗ್) ಆನ್. 18-20-20ರಲ್ಲಿ ವಿಂಡೋಸ್ ಬಂತು, ಆದರೆ ರ್ಯಾಮ್ ಪರೀಕ್ಷಿಸುವ ಮೆಮ್‌ಟೆಸ್ಟ್86ರ ಎರಡನೇ ಸುತ್ತಲ್ಲಿ ತಪ್ಪು ತೋರಿಸುವ ಕೆಂಪು ಸಾಲುಗಳು. 18-22-22-42ಕ್ಕೆ ಸಡಿಲಿಸಿ ರಾತ್ರಿ ಬಿಟ್ಟು ಮಲಗಿದೆ. ನಡುವೆ ಕರೆಂಟು ಹೋಯ್ತು, ಮರುದಿನ ಮತ್ತೆ ಮೊದಲಿಂದ! ಕೊನೆಗೆ ನಾಲ್ಕೂ ಸುತ್ತು ಕ್ಲೀನ್. ಎರಡನೇ ಹಂತದ ಟೈಮಿಂಗ್‌ಗಳಲ್ಲಿ ಒಂದನ್ನು ಬದಲಾಯಿಸಿದ್ದೀನಿ. ಅದು ಯಾವುದು ಅಂತ ಸದ್ಯಕ್ಕೆ ಹೇಳಲ್ಲ.

ಕಾರ್ ರೇಸಿನ ಆಟದಲ್ಲಿ ಒಂದೇ ಸ್ಟಿಕ್ ಇದ್ದಾಗ ಸೆಕೆಂಡಿಗೆ 30ರ ಸುತ್ತ ಸಿಗುತ್ತಿದ್ದ ಫ್ರೇಮು ಈಗ 50 ದಾಟುತ್ತೆ. ಟೈಮಿಂಗ್ ಸಡಿಲ ಆಗಿದ್ದಕ್ಕೆ ನನಗಂತೂ ವ್ಯತ್ಯಾಸ ಕಾಣಲಿಲ್ಲ. ಎರಡು ಸ್ಟಿಕ್ಕಿನಿಂದ ಎರಡು ಚಾನೆಲ್ (ಡೇಟಾ ಹೋಗುವ ಎರಡು ದಾರಿ) ಸಿಕ್ಕಿದ್ದೇ ದೊಡ್ಡ ಲಾಭ.

ಖುಷಿಗೆ 3600 ಕೂಡ ಹಾಕಿ ನೋಡಿದೆ. ಹಸಿರು ಸ್ಟಿಕ್ ಒಪ್ಪಲಿಲ್ಲ. ಬಯೋಸ್‌ನಲ್ಲಿ ಗ್ರಾಫಿಕ್ಸಿಗೆ 2 ಜಿಬಿ ಎತ್ತಿಟ್ಟೂ ನೋಡಿದೆ. ಫ್ರೇಮು ಅಷ್ಟೇ, ಬ್ರೌಸರಿಗೆ ಜಾಗ ಕಮ್ಮಿ ಆಯ್ತು. ಅದನ್ನು ಮತ್ತೆ ಆಟೋಗೆ ಹಾಕಿಬಿಟ್ಟೆ.